ನೀರು ಕುಡಿದರೆ ನೋವು: ಎಡ ಕಿಡ್ನಿಯ ಪಿಯುಜೆ ತಡೆಗೆ ಲ್ಯಾಪ್ರೊಸ್ಕೋಪಿಕ್ ಪೈಲೊಪ್ಲಾಸ್ಟಿ – ಒಂದು ಪ್ರಕರಣ ಅಧ್ಯಯನ

ರೋಗಿ 26 ವರ್ಷದ ಗಾರೆ ಕೆಲಸದವರು. ಎತ್ತರ 165 ಸೆಂ.ಮೀ., ತೂಕ 58 ಕೆ.ಜಿ., ಬಿಪಿ, ಶುಗರ್ ಇಲ್ಲ. ಮೂರು ವರ್ಷಗಳಿಂದ ಎಡಪಕ್ಕೆಯಲ್ಲಿ ಆಗಾಗ ನೋವು. ಬಂದಾಗ ಎರಡು-ಮೂರು ಸಲ ವಾಂತಿಯಾಗುತ್ತದೆ. ಮೂರು-ನಾಲ್ಕು ಗಂಟೆ ನರಳಾಡಿಸಿ ತಾನಾಗಿಯೇ ಇಳಿಯುತ್ತದೆ. ಆಮೇಲೆ ಎರಡು-ಮೂರು ವಾರ ಏನೂ ಇರುವುದಿಲ್ಲ. ವಾಂತಿ ಇದ್ದದ್ದರಿಂದ ಕಾಯಿಲೆಗೆ ಮೊದಲು ಸಿಕ್ಕ ಹೆಸರು ‘ಗ್ಯಾಸ್ಟ್ರಿಕ್’. ವರ್ಷಕ್ಕೂ ಮೇಲೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗಿದ್ದಾಯಿತು. ನೋವು ಇರುವುದು ಪಕ್ಕೆಯಲ್ಲಲ್ಲವೇ ಎಂದು ಯಾರಿಗೋ ಹೊಳೆದ ಮೇಲೆ ‘ಕಲ್ಲಿರಬೇಕು’ ಎಂದಾಯಿತು. ಬಾಳೆದಿಂಡಿನ ರಸ, ಬಾರ್ಲಿ ನೀರು, ದಿನಕ್ಕೆ ನಾಲ್ಕು ಲೀಟರ್ ನೀರು. ನೋವು ಕಡಿಮೆಯಾಗಲಿಲ್ಲ, ಮೂರು ವಾರಕ್ಕೊಮ್ಮೆ ಬರುತ್ತಿದ್ದದ್ದು ವಾರಕ್ಕೊಮ್ಮೆ ಬರತೊಡಗಿತು.

(ಇದು ಒಬ್ಬನೇ ವ್ಯಕ್ತಿಯ ಕಡತವಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಹೇಗೆ ಕಾಣಿಸಿಕೊಳ್ಳುತ್ತದೋ, ಚಿಕಿತ್ಸೆ ಹೇಗೆ ಸಾಗುತ್ತದೋ ಹಾಗೆ ಕಟ್ಟಿದ ಮಾದರಿ ಪ್ರಕರಣ. ಅಳತೆಗಳೂ ಅಂಥವೇ.)

ರೋಗದ ಸುಳಿವು ರೋಗಿಯ ಮಾತಿನಲ್ಲೇ ಇತ್ತು. “ಹಗಲು ಬಿಸಿಲಲ್ಲಿ ಕೆಲಸ ಮಾಡುವಾಗ ಏನೂ ಇರಲ್ಲ ಸಾರ್. ಸಂಜೆ ಮನೆಗೆ ಬಂದು ಒಂದು ಚೊಂಬು ನೀರು ಒಂದೇ ಸಲ ಕುಡಿದ್ರೆ ರಾತ್ರಿ ನೋವು ಬಂದೇ ಬರ್ತದೆ.” ಕಲ್ಲಿನ ನೋವು ನೀರಿನ ಲೆಕ್ಕ ನೋಡಿಕೊಂಡು ಬರುವುದಿಲ್ಲ. ಒಮ್ಮೆಗೇ ಹೆಚ್ಚು ನೀರು, ಎಳನೀರು ಅಥವಾ ಬಿಯರ್ ಹೊಟ್ಟೆಗೆ ಹೋದ ಕೆಲವು ಗಂಟೆಗಳಲ್ಲಿ ಒಂದೇ ಪಕ್ಕೆಯಲ್ಲಿ ನೋವು ಮತ್ತು ವಾಂತಿ ಬಂದು, ನೋವು ಇಳಿಯುವ ಹೊತ್ತಿಗೆ ಮೂತ್ರ ಧಾರಾಳವಾಗಿ ಹೋದರೆ, ಕಿಡ್ನಿಯ ಬಾಯಲ್ಲಿ, ಅಂದರೆ ಪಿಯುಜೆಯಲ್ಲಿ, ತಡೆಯಿದೆಯೇ ಎಂದು ನೋಡಲೇಬೇಕು. ಈ ಬಗೆಯ ನೋವಿಗೆ ಡೀಟ್ಲ್ ಕ್ರೈಸಿಸ್ ಎಂಬ ಹೆಸರಿದೆ. 1864ರಲ್ಲಿ ಇದನ್ನು ವಿವರಿಸಿದ ಪೋಲೆಂಡಿನ ಕ್ರಾಕೋವ್ ನಗರದ ವೈದ್ಯ ಯೂಜೆಫ್ ಡೀಟ್ಲ್ ಅವರ ಹೆಸರದು. ಕಿಡ್ನಿ ಜಾಗ ಬಿಟ್ಟು ಅಲೆದಾಡಿ ಸಿಕ್ಕಿಹಾಕಿಕೊಳ್ಳುವುದೇ ಕಾರಣ ಎಂದು ಅವರು ತಿಳಿದಿದ್ದರು. ಕಾರಣ ಬದಲಾದರೂ ಹೆಸರು ಉಳಿದಿದೆ.

ತಡೆ ಎಲ್ಲಿರುತ್ತದೆ

ಕಿಡ್ನಿಯಲ್ಲಿ ತಯಾರಾದ ಮೂತ್ರ ಮೊದಲು ಆಲಿಕೆಯಂಥ ಒಂದು ಚೀಲಕ್ಕೆ ಬೀಳುತ್ತದೆ. ಅದೇ ಪೆಲ್ವಿಸ್. ಆಲಿಕೆಯ ಕೊಳವೆಯೇ ಮೂತ್ರನಾಳ, 25 ಸೆಂ.ಮೀ. ಆಸುಪಾಸು ಉದ್ದ, ಕೆಳಗೆ ಮೂತ್ರಕೋಶಕ್ಕೆ ಸೇರುತ್ತದೆ. ಆಲಿಕೆಯೂ ಕೊಳವೆಯೂ ಕೂಡುವ ಜಾಗಕ್ಕೆ ಯುರಾಲಜಿ ವಾರ್ಡುಗಳಲ್ಲಿ ‘ಪಿಯುಜೆ’ (ಪೆಲ್ವಿ-ಯುರೆಟರಿಕ್ ಜಂಕ್ಷನ್) ಎನ್ನುತ್ತಾರೆ. ಮೂತ್ರ ಕೆಳಗಿಳಿಯುವುದು ಬರೀ ಭಾರಕ್ಕಲ್ಲ. ಸ್ನಾಯುಗಳು ಅಲೆಯಂತೆ ಹಿಸುಕಿ ಅದನ್ನು ತಳ್ಳುತ್ತವೆ. ಪಿಯುಜೆಯಲ್ಲಿ ಒಂದೆರಡು ಸೆಂಟಿಮೀಟರ್ ಭಾಗದಲ್ಲಿ ಸ್ನಾಯು ಸರಿಯಾಗಿ ಬೆಳೆದಿರದೆ ನಾರಿನಂಶವೇ ಹೆಚ್ಚಾಗಿದ್ದರೆ, ಅಲೆ ಅಲ್ಲಿಗೆ ಬಂದು ನಿಂತುಬಿಡುತ್ತದೆ. ರಂಧ್ರ ಇದ್ದರೂ ದಾರಿ ಇಲ್ಲದಂತೆ. ಇದು ಹುಟ್ಟಿನಿಂದ ಬರುವ ಬಗೆ. ಇನ್ನೊಂದು ಬಗೆಯಲ್ಲಿ, ಕಿಡ್ನಿಯ ಕೆಳತುದಿಗೆ ಹೋಗುವ ಒಂದು ರಕ್ತನಾಳ ಪಿಯುಜೆಯ ಮುಂದೆ ಅಡ್ಡ ಹಾಯುತ್ತದೆ. ಪೆಲ್ವಿಸ್ ಸ್ವಲ್ಪ ಉಬ್ಬಿದರೆ ಸಾಕು, ಹಗ್ಗದ ಮೇಲೆ ಬಗ್ಗಿದ ನೀರಿನ ಪೈಪಿನಂತೆ ಮೂತ್ರನಾಳ ಅದರ ಮೇಲೆ ಮಡಚಿಕೊಳ್ಳುತ್ತದೆ. ಕಡಿಮೆ ನೀರು ಕುಡಿದ ದಿನ ಮಡಿಕೆ ಇಲ್ಲ, ನೋವೂ ಇಲ್ಲ. ದೊಡ್ಡವರಲ್ಲಿ ಈ ಎರಡನೆಯ ಬಗೆ ಸಾಕಷ್ಟು ಸಾಮಾನ್ಯ. ಹಲವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಮೂತ್ರನಾಳ ಪೆಲ್ವಿಸ್‌ನ ಬುಡದಿಂದ ಹೊರಡದೆ ಮೇಲಿನಿಂದ ಹೊರಡುವುದು, ಹಳೆಯ ಕಲ್ಲು ಅಥವಾ ಹಳೆಯ ಶಸ್ತ್ರಚಿಕಿತ್ಸೆ ಬಿಟ್ಟುಹೋದ ಗಾಯದ ಕಲೆ, ಒಳಗೊಂದು ಪಾಲಿಪ್, ಇವು ಉಳಿದ ಕಾರಣಗಳು. ಎಡಗಡೆಯಲ್ಲೇ ಹೆಚ್ಚು, ಗಂಡಸರಲ್ಲೇ ಹೆಚ್ಚು.

ಪರೀಕ್ಷೆಗಳು, ಅವುಗಳ ಬಲೆಗಳು

ಈ ರೋಗಿಯ ಬಳಿ ಎರಡು ಹಳೆಯ ಅಲ್ಟ್ರಾಸೌಂಡ್ ವರದಿಗಳಿದ್ದವು. ಎರಡೂ ನೋವಿಲ್ಲದ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿದವು. ಎರಡರಲ್ಲೂ ‘ಎಡ ಕಿಡ್ನಿಯಲ್ಲಿ ಮೈಲ್ಡ್ ಹೈಡ್ರೊನೆಫ್ರೋಸಿಸ್ (ಮೂತ್ರ ನಿಂತು ಸ್ವಲ್ಪ ಉಬ್ಬು), ಕಲ್ಲು ಕಂಡಿಲ್ಲ’ ಎಂದಿತ್ತು. ಪೆಲ್ವಿಸ್‌ನ ಮುಂದು-ಹಿಂದಿನ ಅಗಲ 14 ಮಿ.ಮೀ. ಮೂರನೆಯದನ್ನು ನೋವು ಬಂದ ರಾತ್ರಿಯೇ ಮಾಡಿಸಲಾಯಿತು. ಅದೇ ಪೆಲ್ವಿಸ್ 38 ಮಿ.ಮೀ. ಉಬ್ಬಿತ್ತು, ಕಿಡ್ನಿಯೊಳಗಿಂದ ಅದಕ್ಕೆ ಮೂತ್ರ ಸುರಿಸುವ ಬಟ್ಟಲುಗಳೂ ಉಬ್ಬಿದ್ದವು, ಆದರೆ ಮೂತ್ರನಾಳ ಎಲ್ಲೂ ಅಗಲವಾಗಿರಲಿಲ್ಲ. ಮೇಲೆ ಚೀಲ ಉಬ್ಬಿ ಕೆಳಗೆ ಕೊಳವೆ ಸಣಕಲಾಗಿದ್ದರೆ ತಡೆ ಅವೆರಡರ ನಡುವೆಯೇ. ನೋವು ಬಂದುಹೋಗುವ ರೋಗಿಗೆ ನೋವಿನ ಹೊತ್ತಿನ ಒಂದು ಸ್ಕ್ಯಾನ್, ನೋವಿಲ್ಲದ ಹೊತ್ತಿನ ಹತ್ತು ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ.

ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಮೂತ್ರದಲ್ಲಿ ಹೊರಹಾಕುವ ಕಸ) 1.0. ಇದನ್ನು ನೋಡಿ ‘ಕಿಡ್ನಿ ಚೆನ್ನಾಗಿದೆ’ ಎಂದು ಸಮಾಧಾನಪಡುವುದು ತಪ್ಪು. ಬಲ ಕಿಡ್ನಿ ಸರಿಯಾಗಿದ್ದರೆ ಎಡ ಕಿಡ್ನಿ ಪೂರ್ತಿ ಹಾಳಾದರೂ ಕ್ರಿಯಾಟಿನಿನ್ ಹೆಚ್ಚುಕಡಿಮೆ ಅಲ್ಲೇ ಇರಬಹುದು. ಮೂತ್ರ ಪರೀಕ್ಷೆಯಲ್ಲಿ ನಾಲ್ಕಾರು ಪಸ್ ಸೆಲ್, ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ.

ಕಾಂಟ್ರಾಸ್ಟ್ ಹಾಕಿ ಸಿಟಿ ಮಾಡಿಸುವಾಗ ‘ಆರ್ಟೀರಿಯಲ್ ಫೇಸ್ (ಅಪಧಮನಿಗಳು ಕಾಣುವ ಹಂತ) ಕೂಡ ಬೇಕು’ ಎಂದು ಚೀಟಿಯಲ್ಲಿ ಬರೆಯಲಾಗಿತ್ತು. ಕಲ್ಲು ಹುಡುಕಲು ಮಾಡುವ ಸಾದಾ ಸಿಟಿಯಲ್ಲಿ ರಕ್ತನಾಳ ಕಾಣುವುದಿಲ್ಲ. ಅಡ್ಡ ನಾಳದ ವಿಷಯ ಆಪರೇಷನ್ ಟೇಬಲ್ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಿರುವುದು ಒಳ್ಳೆಯದು. ಇಲ್ಲಿ ಮಹಾಪಧಮನಿಯಿಂದ ನೇರವಾಗಿ ಹೊರಟ ಒಂದು ಸಣ್ಣ ಅಪಧಮನಿ ಪಿಯುಜೆಯ ಮುಂದೆ ಹಾದು ಕಿಡ್ನಿಯ ಕೆಳತುದಿಗೆ ಹೋಗುತ್ತಿತ್ತು.

ಕೊನೆಯ ಮತ್ತು ನಿರ್ಣಾಯಕ ಪರೀಕ್ಷೆ ರೀನೋಗ್ರಾಂ. ರಕ್ತನಾಳಕ್ಕೆ ಅತಿ ಕಡಿಮೆ ಪ್ರಮಾಣದ ವಿಕಿರಣಶೀಲ ಔಷಧ ಚುಚ್ಚಿ, ಅದು ಎರಡೂ ಕಿಡ್ನಿಗಳಿಗೆ ಹೇಗೆ ಸೇರುತ್ತದೆ, ಹೇಗೆ ಹೊರಹೋಗುತ್ತದೆ ಎಂದು ಗಾಮಾ ಕ್ಯಾಮೆರಾದಲ್ಲಿ ನೋಡುತ್ತಾರೆ. ಕಿಡ್ನಿಯಲ್ಲಿ ಔಷಧ ಏರಿಳಿಯುವುದು ಒಂದು ಗೆರೆಯಾಗಿ ಮೂಡುತ್ತದೆ. ನಮ್ಮಲ್ಲಿ ಡಿಟಿಪಿಎ ಅಥವಾ ಇಸಿ ಎಂಬ ಔಷಧಗಳ ಬಳಕೆ ಹೆಚ್ಚು. ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಈ ಸೌಕರ್ಯವಿಲ್ಲ. ಅಷ್ಟು ದೂರ ಹೋಗಿ ಮಾಡಿಸಿದ ಮೇಲೆ ಅದು ಕೆಡಬಾರದು. ಕೆಡುವುದು ಮೂರು ಕಾರಣಕ್ಕೆ. ಬೆಳಿಗ್ಗೆಯಿಂದ ನೀರು ಕುಡಿಯದೆ ಬಂದರೆ ಮೂತ್ರವೇ ತಯಾರಾಗದೆ ಸರಿಯಿರುವ ಕಿಡ್ನಿಯೂ ತಡೆಯಿರುವಂತೆ ಕಾಣುತ್ತದೆ; ಇದು ಖಾಲಿ ಹೊಟ್ಟೆಯ ಪರೀಕ್ಷೆಯಲ್ಲ, ಅರ್ಧದಿಂದ ಮುಕ್ಕಾಲು ಲೀಟರ್ ನೀರು ಕುಡಿದು ಬರಬೇಕು. ಎರಡನೆಯದು, ಮೂತ್ರಕೋಶ ತುಂಬಿದ್ದರೆ ಅದರ ಒತ್ತಡದಿಂದಲೇ ಮೇಲಿನ ಮೂತ್ರ ಇಳಿಯುವುದಿಲ್ಲ. ಮೂರನೆಯದು, ಕಿಡ್ನಿಯ ಕೆಲಸವೇ ತೀರಾ ಕಡಿಮೆಯಿದ್ದರೆ ಫ್ಯೂರೊಸಮೈಡ್ ಇಂಜೆಕ್ಷನ್ ಕೊಟ್ಟರೂ ಮೂತ್ರ ಹೆಚ್ಚಾಗದು, ಆಗ ಗೆರೆಯನ್ನು ನಂಬುವಂತಿಲ್ಲ.

ಈ ರೋಗಿಯಲ್ಲಿ ಎರಡೂ ಕಿಡ್ನಿಗಳ ಒಟ್ಟು ಕೆಲಸದಲ್ಲಿ ಎಡ ಕಿಡ್ನಿಯ ಪಾಲು 38%, ಬಲದ್ದು 62%. 40 ಮಿ.ಗ್ರಾಂ. ಫ್ಯೂರೊಸಮೈಡ್ ಕೊಟ್ಟ ಮೇಲೂ ಎಡಗಡೆಯ ಗೆರೆ ಇಳಿಯಲಿಲ್ಲ. ಪೆಲ್ವಿಸ್‌ನಲ್ಲಿ ಸೇರಿದ್ದರಲ್ಲಿ ಅರ್ಧ ಖಾಲಿಯಾಗಲು 10 ನಿಮಿಷಕ್ಕಿಂತ ಕಡಿಮೆ ಸಾಕಾದರೆ ತಡೆಯಿಲ್ಲ, 20 ನಿಮಿಷ ದಾಟಿದರೆ ತಡೆಯಿದೆ, ನಡುವಿನದು ಸಂದೇಹ ಎಂಬುದು ವಾಡಿಕೆಯ ಲೆಕ್ಕ. ಇಲ್ಲಿ ಪರೀಕ್ಷೆ ಮುಗಿದರೂ ಅರ್ಧ ಖಾಲಿಯಾಗಿರಲಿಲ್ಲ. ರೋಗಿಯನ್ನು ಎಬ್ಬಿಸಿ ನಿಲ್ಲಿಸಿ, ಮೂತ್ರ ಮಾಡಿಸಿ ತೆಗೆದ ಚಿತ್ರದಲ್ಲೂ ಔಷಧ ಅಲ್ಲೇ ನಿಂತಿತ್ತು. ಆಗಾಗ ಮಾತ್ರ ತಡೆಯಾಗುವವರಲ್ಲಿ ಗೆರೆ ಮೊದಲು ಚೆನ್ನಾಗಿ ಇಳಿದು, ಫ್ಯೂರೊಸಮೈಡ್ ಕೊಟ್ಟು ಸುಮಾರು 15 ನಿಮಿಷದ ಹೊತ್ತಿಗೆ ಮತ್ತೆ ಏರುವುದುಂಟು. ಪರೀಕ್ಷೆಯನ್ನು ಬೇಗ ನಿಲ್ಲಿಸಿದರೆ ಇದು ತಪ್ಪಿಹೋಗುತ್ತದೆ.

ಯಾವ ದಾರಿ?

ಉಬ್ಬಿದ ಪೆಲ್ವಿಸ್ ಕಂಡವರಿಗೆಲ್ಲ ಆಪರೇಷನ್ ಬೇಕಿಲ್ಲ. ನೋವಿಲ್ಲ, ಸೋಂಕಿಲ್ಲ, ಕಲ್ಲಿಲ್ಲ, ಕಿಡ್ನಿಯ ಪಾಲು ಚೆನ್ನಾಗಿದೆ ಎಂದಾದರೆ ಸ್ಕ್ಯಾನ್ ಮಾಡಿಸುತ್ತಾ ಕಾಯಬಹುದು. ಈ ರೋಗಿಗೆ ನೋವೂ ಇತ್ತು, ಕಿಡ್ನಿಯ ಪಾಲೂ 40%ಕ್ಕಿಂತ ಇಳಿದಿತ್ತು. ಪಾಲು 10-15%ಕ್ಕಿಂತ ಕಡಿಮೆಯಿದ್ದಿದ್ದರೆ ಪ್ರಶ್ನೆಯೇ ಬೇರೆಯಾಗುತ್ತಿತ್ತು: ಬೆನ್ನಿನಿಂದ ಕಿಡ್ನಿಗೆ ನಳಿಕೆ ಹಾಕಿ ನಾಲ್ಕಾರು ವಾರ ಮೂತ್ರ ಹೊರಬಿಟ್ಟು, ಮತ್ತೆ ರೀನೋಗ್ರಾಂ ಮಾಡಿ, ಚೇತರಿಸಿಕೊಂಡಿದ್ದರೆ ಸರಿಪಡಿಸುವುದು, ಇಲ್ಲದಿದ್ದರೆ ತೆಗೆಯುವುದು. ಜ್ವರ, ಚಳಿ ಇದ್ದಿದ್ದರೂ ಮೊದಲು ನಳಿಕೆ ಅಥವಾ ಸ್ಟೆಂಟ್ (ಮೂತ್ರನಾಳದೊಳಗೆ ಕೂರುವ ಸಣ್ಣ ಕೊಳವೆ) ಹಾಕಿ ಸೋಂಕು ಇಳಿಸಿಕೊಳ್ಳಬೇಕಿತ್ತು.

‘ಬರೀ ಸ್ಟೆಂಟ್ ಹಾಕಿದರೆ ಸಾಲದೇ?’ ಎಂದು ಮನೆಯವರು ಕೇಳುತ್ತಾರೆ. ಸ್ಟೆಂಟ್ ತಡೆಯನ್ನು ದಾಟಿಸುತ್ತದೆ, ಸರಿಪಡಿಸುವುದಿಲ್ಲ. ತೆಗೆದ ದಿನದಿಂದ ಹಳೇ ಕಥೆ. ಒಳಗಿನಿಂದಲೇ ಲೇಸರ್ ಅಥವಾ ಚಾಕುವಿನಿಂದ ಇಕ್ಕಟ್ಟಾದ ಜಾಗವನ್ನು ಸೀಳುವ ವಿಧಾನವೂ ಇದೆ. ಹೊಟ್ಟೆಯಲ್ಲಿ ತೂತಿಲ್ಲ, ಬೇಗ ಮನೆಗೆ ಹೋಗಬಹುದು. ಆದರೆ ಅಡ್ಡ ರಕ್ತನಾಳ ಇದ್ದಾಗ ಸೀಳಿದರೆ ರಕ್ತಸ್ರಾವದ ಭಯ. ಸೀಳಿದ ಮೇಲೂ ಹೊರಗಿನ ನಾಳದ ಒತ್ತು ಹಾಗೆಯೇ ಉಳಿಯುತ್ತದೆ. ಮೊದಲ ಸಲದ ಚಿಕಿತ್ಸೆಗೆ, ಅದರಲ್ಲೂ ಅಡ್ಡ ನಾಳ ಇರುವವರಿಗೆ, ಅದು ಸರಿಯಾದ ಆಯ್ಕೆಯಲ್ಲ.

ಉಳಿದದ್ದು ಪೈಲೊಪ್ಲಾಸ್ಟಿ: ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಒಳ್ಳೆಯ ಮೂತ್ರನಾಳವನ್ನು ಪೆಲ್ವಿಸ್‌ನ ತಗ್ಗಿನ ಜಾಗಕ್ಕೆ ಅಗಲವಾಗಿ ಹೊಲಿಯುವುದು. ಇಂಗ್ಲೆಂಡಿನ ಶೆಫೀಲ್ಡ್‌ನ ಆಂಡರ್ಸನ್ ಮತ್ತು ಹೈನ್ಸ್ 1949ರಲ್ಲಿ ವರದಿ ಮಾಡಿದ ವಿಧಾನ ಇಂದಿಗೂ ಇದರ ಮೂಲರೂಪ. ಅವರು ಅದನ್ನು ಮೊದಲು ಮಾಡಿದ್ದು ಪಿಯುಜೆ ತಡೆಗಲ್ಲ, ಮಹಾಭಿಧಮನಿಯ ಹಿಂದೆ ಸಿಕ್ಕಿಕೊಂಡಿದ್ದ ಮೂತ್ರನಾಳಕ್ಕೆ. 1993ರಲ್ಲಿ ಅಮೆರಿಕದಲ್ಲಿ ಇದೇ ಕೆಲಸ ಲ್ಯಾಪ್ರೊಸ್ಕೋಪಿಗೆ, ಅಂದರೆ ಸಣ್ಣ ತೂತುಗಳಿಂದ ಕ್ಯಾಮೆರಾ, ಉಪಕರಣ ಹಾಕಿ ಮಾಡುವ ವಿಧಾನಕ್ಕೆ, ಬಂತು. ತೆರೆದ ಆಪರೇಷನ್ನಿನಷ್ಟೇ ಒಳ್ಳೆಯ ಫಲಿತಾಂಶ, 90%ಕ್ಕೂ ಮೇಲೆ. ಪಕ್ಕೆಯ ಸ್ನಾಯುಗಳನ್ನು ಉದ್ದಕ್ಕೆ ಕತ್ತರಿಸಬೇಕಿಲ್ಲ ಎನ್ನುವುದು ಮೈಮುರಿದು ದುಡಿಯುವವರಿಗೆ ದೊಡ್ಡ ಲಾಭ. ರೋಬೋಟ್‌ನಲ್ಲಿ ಮಾಡಿದರೂ ಒಳಗೆ ನಡೆಯುವ ಕೆಲಸ ಇದೇ. ಮಣಿಕಟ್ಟಿನಂತೆ ತಿರುಗುವ ಉಪಕರಣವಿರುವುದರಿಂದ ಹೊಲಿಯುವುದು ಸುಲಭ, ಖರ್ಚು ಜಾಸ್ತಿ. ಲ್ಯಾಪ್ರೊಸ್ಕೋಪಿಯಲ್ಲಿ ಹೊಲಿಗೆ ಪಳಗಿದ ಕೈಯಿದ್ದರೆ ರೋಬೋಟ್‌ಗಾಗಿ ಸಾಲ ಮಾಡುವ ಅಗತ್ಯವಿಲ್ಲ.

ಆಪರೇಷನ್

ಪೂರ್ತಿ ಅರಿವಳಿಕೆ, ಚರ್ಮ ಕೊಯ್ಯುವ ಮುನ್ನ ಒಂದು ಡೋಸ್ ಆಂಟಿಬಯಾಟಿಕ್. ಮೊದಲು ರೋಗಿಯನ್ನು ಅಂಗಾತ ಮಲಗಿಸಿ, ಮೂತ್ರದ ದಾರಿಯಿಂದ ಮೂತ್ರಕೋಶ ನೋಡುವ ಸಿಸ್ಟೊಸ್ಕೋಪ್ ಹಾಕಿ, 5 ಫ್ರೆಂಚ್ (ಫ್ರೆಂಚ್ ಎಂದರೆ ನಳಿಕೆಯ ದಪ್ಪದ ಅಳತೆ) ನಳಿಕೆಯಲ್ಲಿ ತೆಳುವಾದ ಕಾಂಟ್ರಾಸ್ಟ್ ಬಿಟ್ಟು ಮೂತ್ರನಾಳದ ಚಿತ್ರ ತೆಗೆಯಲಾಯಿತು. ತಡೆ ಎಷ್ಟುದ್ದ, ಕೆಳಗೆ ಇನ್ನೊಂದು ಇಕ್ಕಟ್ಟು ಇದೆಯೇ ಎಂದು ನೋಡಲು. ಪಿಯುಜೆಯಲ್ಲಿ ಮೂತ್ರನಾಳ ‘ಜೆ’ ಅಕ್ಷರದ ಕೊಕ್ಕೆಯಂತೆ ತಿರುಗಿತ್ತು; ಕೆಳಗೆಲ್ಲ ಸರಿಯಿತ್ತು. ಈ ಚಿತ್ರವನ್ನು ನಾಲ್ಕು ದಿನ ಮೊದಲೇ ಮಾಡಿಸಿಬಿಡುವ ರೂಢಿ ಕೆಲವೆಡೆ ಇದೆ. ಮಾಡದಿರುವುದೇ ಲೇಸು: ಹೊರಹೋಗಲು ದಾರಿಯಿಲ್ಲದ ಚೀಲಕ್ಕೆ ಹೊರಗಿನಿಂದ ದ್ರವ ತುಂಬಿಸಿ ಬಿಟ್ಟರೆ ಸೋಂಕಾಗುತ್ತದೆ, ನಾಳ ಊದಿಕೊಂಡರೆ ಹೊಲಿಗೆಯೂ ಕಷ್ಟ.

ಸ್ಟೆಂಟ್ ಅನ್ನು ಆಗಲೇ ಹಾಕಿಬಿಡಬಹುದಿತ್ತು. ಹಾಕಲಿಲ್ಲ. ಮೊದಲೇ ಹಾಕಿದರೆ ಪೆಲ್ವಿಸ್ ಖಾಲಿಯಾಗಿ ಸುರುಟಿಕೊಳ್ಳುತ್ತದೆ, ಹುಡುಕಿ ಬಿಡಿಸುವುದು ಕಷ್ಟ. ಹಿಂದಿನ ಗೋಡೆ ಹೊಲಿಯುವಾಗ ಸ್ಟೆಂಟ್ ಸೂಜಿಗೆ ಅಡ್ಡ ಬರುತ್ತದೆ. ಆದರೆ ಹೊಲಿಗೆಯ ನಡುವೆ ಮೇಲಿನಿಂದ ಸ್ಟೆಂಟ್ ಇಳಿಸುವ ಅಭ್ಯಾಸ ಇಲ್ಲದ ತಂಡ ಮೊದಲೇ ಹಾಕಿಕೊಳ್ಳುವುದು ಕ್ಷೇಮ.

ಬಳಿಕ ಎಡಪಕ್ಕೆ ಮೇಲೆ ಬರುವಂತೆ ಸುಮಾರು 60 ಡಿಗ್ರಿ ಓರೆಯಾಗಿ ಮಲಗಿಸಿ, ಕಂಕುಳು, ಮೊಣಕೈ, ಮೊಣಕಾಲುಗಳಿಗೆ ಮೆತ್ತೆಯಿಟ್ಟು ಪಟ್ಟಿ ಕಟ್ಟಲಾಯಿತು. ಹೊಕ್ಕುಳ ಬಳಿ ಕ್ಯಾಮೆರಾಕ್ಕೆ 10 ಮಿ.ಮೀ. ತೂತು, ಪಕ್ಕೆಲುಬಿನ ಕೆಳಗೆ ಎಡಗೈ ಉಪಕರಣಕ್ಕೆ 5 ಮಿ.ಮೀ., ಹೊಕ್ಕುಳಿಗೂ ಸೊಂಟದ ಮೂಳೆಯ ಮುಂದಿನ ತುದಿಗೂ ನಡುವೆ ಬಲಗೈಗೆ 10 ಮಿ.ಮೀ. ಸೂಜಿ ಒಳಹೋಗುವುದು ಈ ಮೂರನೆಯದರಿಂದ. ಸಹಾಯಕರಿಗೆ ಪಕ್ಕದಲ್ಲಿ ಇನ್ನೊಂದು 5 ಮಿ.ಮೀ. ಇಂಗಾಲದ ಡೈಆಕ್ಸೈಡ್ ಒತ್ತಡ 12 ಮಿ.ಮೀ. ಪಾದರಸ. ತೂತುಗಳು ತೀರಾ ಹತ್ತಿರವಾದರೆ ಹೊಲಿಯುವಾಗ ಉಪಕರಣಗಳು ಒಂದಕ್ಕೊಂದು ಕತ್ತಿವರಸೆ ಆಡುತ್ತವೆ. ನಾಲ್ಕು ಬೆರಳಗಲವಾದರೂ ಅಂತರ ಬೇಕು.

ಎಡಗಡೆಯ ದೊಡ್ಡ ಕರುಳನ್ನು ಅದರ ಹೊರಬದಿಯ ಬಿಳಿ ಗೆರೆಯ ಗುಂಟ ಬಿಡಿಸಿ ಒಳಕ್ಕೆ ಸರಿಸಲಾಯಿತು. ತೆಳ್ಳಗಿನವರಲ್ಲಿ, ಮಕ್ಕಳಲ್ಲಿ, ಕರುಳಿನ ಪೊರೆಯ ಹಿಂದೆ ಪೆಲ್ವಿಸ್ ನೀಲಿಯಾಗಿ ಉಬ್ಬಿ ಕಾಣುವುದರಿಂದ ಪೊರೆಯಲ್ಲೇ ಕಿಟಕಿ ತೆರೆದು ನೇರವಾಗಿ ಹೋಗಬಹುದು. ಇಲ್ಲಿ ಅಡ್ಡ ನಾಳವನ್ನು ಚೆನ್ನಾಗಿ ನೋಡಬೇಕಿದ್ದರಿಂದ ಆ ಅಡ್ಡದಾರಿ ಹಿಡಿಯಲಿಲ್ಲ. ಬೆನ್ನುಮೂಳೆಯ ಪಕ್ಕದ ಸೋಆಸ್ ಸ್ನಾಯುವಿನ ಮೇಲೆ ವೃಷಣದ ಅಭಿಧಮನಿ, ಅದರ ಪಕ್ಕದಲ್ಲಿ ಮೂತ್ರನಾಳ. ಎರಡೂ ಒಂದೇ ಥರ ಕಾಣುತ್ತವೆ. ಉಪಕರಣದಿಂದ ಮೆಲ್ಲಗೆ ಸೋಕಿದಾಗ ಹುಳುವಿನಂತೆ ಸರಿದಾಡುವುದು ಮೂತ್ರನಾಳ.

ಮೂತ್ರನಾಳವನ್ನು ಇಕ್ಕಳದಿಂದ ಹಿಡಿಯಬಾರದು. ಅದರ ಹೊರಪೊರೆಯಲ್ಲಿ ಉದ್ದಕ್ಕೂ ಹರಿಯುವ ಕೂದಲೆಳೆಯಂಥ ನಾಳಗಳೇ ಅದಕ್ಕೆ ಜೀವ. ಮೇಲಿನ ಭಾಗಕ್ಕೆ ರಕ್ತ ಒಳಬದಿಯಿಂದ ಬರುವುದರಿಂದ ಬಿಡಿಸುವ ಕೆಲಸವನ್ನು ಹೊರಬದಿಯಲ್ಲೇ ಮಾಡಬೇಕು. ‘ಚೆನ್ನಾಗಿ ಕಾಣಲಿ’ ಎಂದು ಸುತ್ತಲೂ ಸಿಪ್ಪೆ ಸುಲಿದಂತೆ ಬಿಡಿಸಿದರೆ ಆ ದಿನ ಹೊಲಿಗೆ ಅಂದವಾಗಿ ಬರುತ್ತದೆ. ಆರು ತಿಂಗಳಿಗೆ ಅದೇ ಜಾಗ ಒಣಗಿ ಸುರುಟಿ ಮತ್ತೆ ಮುಚ್ಚುತ್ತದೆ.

ಅಡ್ಡ ನಾಳವನ್ನು ಕತ್ತರಿಸಿಬಿಡುವ ಆಸೆ ಹುಟ್ಟುವುದು ಸಹಜ. ಮಾಡಬಾರದು. ಕಿಡ್ನಿಯ ಅಪಧಮನಿಗಳ ನಡುವೆ ಕೊಡು-ಕೊಳ್ಳುವಿಕೆ ಇಲ್ಲ. ಒಂದನ್ನು ಕತ್ತರಿಸಿದರೆ ಅದು ಸಾಕುತ್ತಿದ್ದ ಕಿಡ್ನಿಯ ತುಂಡು ಸಾಯುತ್ತದೆ, ಮುಂದೆ ಬಿಪಿಗೂ ಅದು ದಾರಿಯಾಗಬಹುದು. ನಾಳವನ್ನು ಸುತ್ತಲಿಂದ ಬಿಡಿಸಿ ಹಾಗೆಯೇ ಇಟ್ಟುಕೊಳ್ಳಲಾಯಿತು. ಮೂತ್ರನಾಳ ಕತ್ತರಿಸದೆ ಈ ನಾಳವನ್ನೇ ಮೇಲಕ್ಕೆತ್ತಿ ಪೆಲ್ವಿಸ್‌ಗೆ ಹೊಲಿಯುವ ವಿಧಾನವೂ ಇದೆ, ಆಯ್ದ ಮಕ್ಕಳಲ್ಲಿ ಚೆನ್ನಾಗಿ ಫಲಿಸುತ್ತದೆ. ದೊಡ್ಡವರಲ್ಲಿ ನಾಳದ ಹಿಂದಿನ ಪಿಯುಜೆ ತುಂಡೂ ಕೆಟ್ಟಿರುವ ಸಾಧ್ಯತೆ ಇರುವುದರಿಂದ ಕತ್ತರಿಸಿ ಹೊಲಿಯುವುದೇ ಭದ್ರ.

ಹೊಟ್ಟೆಯ ಗೋಡೆಯ ಮೂಲಕ ನೇರ ಸೂಜಿ ತೂರಿಸಿ, ಪೆಲ್ವಿಸ್‌ನ ಮೇಲಂಚಿಗೆ ಒಂದು ಹೊಲಿಗೆ ಹಾಕಿ, ದಾರವನ್ನು ಮತ್ತೆ ಹೊರಗೆ ತಂದು ಎಳೆದು ಹಿಡಿಯಲಾಯಿತು. ಒಂದು ಕೈ ಹೆಚ್ಚಿಗೆ ಸಿಕ್ಕಂತೆ. ಪೆಲ್ವಿಸ್ ಅನ್ನು ಓರೆಯಾಗಿ ಕತ್ತರಿಸಿದೊಡನೆ ತುಂಬಿದ್ದ ಮೂತ್ರ ಚಿಮ್ಮುತ್ತದೆ, ಸಕ್ಷನ್ ತಯಾರಿರಬೇಕು. ಕೆಟ್ಟ ತುಂಡನ್ನು ಕೂಡಲೇ ಕತ್ತರಿಸಿ ಎಸೆಯದೆ ಮೂತ್ರನಾಳದ ತುದಿಯಲ್ಲಿ ಹಿಡಿಕೆಯಂತೆ ಬಿಟ್ಟುಕೊಂಡು, ಒಳ್ಳೆಯ ಭಾಗ ಮುಟ್ಟದೆ ಕೆಲಸ ಮುಂದುವರಿಸುವುದು ಒಂದು ಜಾಣತನ. ಮೂತ್ರನಾಳವನ್ನು ಅಡ್ಡ ನಾಳದ ಹಿಂದಿನಿಂದ ಮುಂದಕ್ಕೆ ತಂದು, ಹೊರಬದಿಯಲ್ಲಿ ಉದ್ದಕ್ಕೆ 2 ಸೆಂ.ಮೀ. ಸೀಳಲಾಯಿತು. ಸೀಳು ಒಳ್ಳೆಯ, ಮೃದುವಾದ, ಗುಲಾಬಿ ಒಳಪದರದವರೆಗೂ ಹೋಗಬೇಕು. 8 ಫ್ರೆಂಚ್ ನಳಿಕೆ ತಡೆಯಿಲ್ಲದೆ ಇಳಿದರೆ ಸಾಕು. ಇಲ್ಲಿ ಅರ್ಧ ಸೆಂಟಿಮೀಟರ್ ಉಳಿತಾಯ ಮಾಡಲು ಹೋಗಿ ಕೆಟ್ಟ ಭಾಗ ಬಿಟ್ಟರೆ ಮುಂದಿನ ಹೊಲಿಗೆಯೆಲ್ಲ ವ್ಯರ್ಥ. ಮೂತ್ರನಾಳ ತಿರುಚಿಕೊಳ್ಳದಂತೆ ಸೀಳು ಯಾವಾಗಲೂ ಹೊರಬದಿಗೇ ಮುಖ ಮಾಡಿರಲಿ.

ಪೈಲೊಪ್ಲಾಸ್ಟಿಯಲ್ಲಿ ಕತ್ತರಿಸುವ ಕೆಲಸ ಕಾಲುಭಾಗ, ಹೊಲಿಯುವ ಕೆಲಸ ಮುಕ್ಕಾಲು. ತಾನಾಗಿ ಕರಗುವ, ತೆಳ್ಳಗಿನ 4-0 ಪಾಲಿಗ್ಲಾಕ್ಟಿನ್ ದಾರ, ಗುಂಡುಮೈಯ ಸಣ್ಣ ಸೂಜಿ, ದಾರವನ್ನು 15 ಸೆಂ.ಮೀ.ಗೆ ಕತ್ತರಿಸಿ ಒಳಗೆ ಬಿಡಲಾಯಿತು. ಉದ್ದ ಬಿಟ್ಟರೆ ಗಂಟು ಹಾಕುವಾಗ ದಾರ ಎಳೆಯುವುದರಲ್ಲೇ ಹೊತ್ತು ಹೋಗುತ್ತದೆ. ಮೊದಲ ಹೊಲಿಗೆಯೇ ಅತಿ ಮುಖ್ಯ. ಮೂತ್ರನಾಳದ ಸೀಳಿನ ಬುಡದ ಮೂಲೆಯಲ್ಲಿ ಹೊರಗಿನಿಂದ ಒಳಗೆ, ಪೆಲ್ವಿಸ್‌ನ ಅತಿ ತಗ್ಗಿನ ಬಿಂದುವಿನಲ್ಲಿ ಒಳಗಿನಿಂದ ಹೊರಗೆ, ಗಂಟು ಹೊರಬದಿಯಲ್ಲಿ. ಈ ಮೂಲೆಯಲ್ಲಿ ದೊಡ್ಡ ಕಚ್ಚು ತೆಗೆದರೆ ದಾರಿ ಅಲ್ಲೇ ಕಿರಿದಾಗುತ್ತದೆ. ಎಳೆದು ಬಿಗಿಯಾಗಿ ಕಟ್ಟಿದರೆ ಅಂಗಾಂಶ ಹರಿಯುತ್ತದೆ. ಎಳೆಯಬೇಕಾಗಿ ಬಂತೆಂದರೆ ಪೆಲ್ವಿಸ್ ಅಥವಾ ಕಿಡ್ನಿಯ ಕೆಳಭಾಗವನ್ನು ಇನ್ನಷ್ಟು ಬಿಡಿಸಬೇಕೆಂದು ಅರ್ಥ. ಅಲ್ಲಿಂದ ಹಿಂದಿನ ಗೋಡೆಯನ್ನು 2-3 ಮಿ.ಮೀ. ಅಂತರದಲ್ಲಿ ಒಂದೇ ದಾರದಿಂದ ಹೊಲಿಯಲಾಯಿತು.

ಹಿಂದಿನ ಗೋಡೆ ಮುಗಿದ ಮೇಲೆ ಸ್ಟೆಂಟ್. 0.035 ಇಂಚಿನ ಗೈಡ್‌ವೈರ್ ಮೇಲೆ 6 ಫ್ರೆಂಚ್, 26 ಸೆಂ.ಮೀ. ಡಿಜೆ ಸ್ಟೆಂಟ್ (ಎರಡೂ ತುದಿ ಸುರುಳಿಯಾಗಿರುವ ಬಗೆ) ಅನ್ನು ಮೇಲಿನಿಂದ ಇಳಿಸಲಾಯಿತು. ಕೆಳತುದಿ ಮೂತ್ರಕೋಶಕ್ಕೆ ಬಿದ್ದಿದೆಯೋ, ನಾಳದಲ್ಲೇ ನಿಂತಿದೆಯೋ ಎಂದು ಕ್ಯಾಮೆರಾದಲ್ಲಿ ಕಾಣುವುದಿಲ್ಲ. ಮೂತ್ರಕೋಶಕ್ಕೆ ಹಾಕಿದ ಫೋಲಿ ಕ್ಯಾತಿಟರ್ (ಮೂತ್ರದ ನಳಿಕೆ) ಮೂಲಕ ಮೆಥಿಲೀನ್ ಬ್ಲೂ ಬೆರೆಸಿದ ಸುಮಾರು 200 ಮಿ.ಲೀ. ಸಲೈನ್ ತುಂಬಿ, ಕ್ಯಾತಿಟರ್ ಬಿಗಿದರೆ, ಸ್ಟೆಂಟ್‌ನ ಮೇಲ್ತುದಿಯಿಂದ ನೀಲಿ ಹನಿ ಬರಬೇಕು. ಬಂತು. ಬರದಿದ್ದರೆ ಅಲ್ಲೇ ಸರಿಪಡಿಸಬೇಕು. ‘ಬಿದ್ದಿರುತ್ತದೆ ಬಿಡಿ’ ಎಂದು ಮುಂದೆ ಹೋದರೆ ಆರು ವಾರದ ನಂತರ ಸ್ಟೆಂಟ್ ತೆಗೆಯಲು ಮೂತ್ರನಾಳದೊಳಗೆ ಹೋಗುವ ಯುರೆಟರೊಸ್ಕೋಪ್ ಹಾಕಿ ಹುಡುಕುವ ಪಾಡು. ಸ್ಟೆಂಟ್‌ನ ಮೇಲಿನ ಸುರುಳಿಯನ್ನು ಪೆಲ್ವಿಸ್ ಒಳಗಿಟ್ಟು ಮುಂದಿನ ಗೋಡೆ, ಆಮೇಲೆ ಉಳಿದ ಪೆಲ್ವಿಸ್ ಬಾಯಿ ಹೊಲಿಯಲಾಯಿತು. ಸಡಿಲವಾದ ಪೆಲ್ವಿಸ್ ಸ್ವಲ್ಪ ಕತ್ತರಿಸಿದ್ದು ಬಿಟ್ಟರೆ ಹೆಚ್ಚು ಕೈ ಹಾಕಲಿಲ್ಲ. ಚೆಂದಕ್ಕೆಂದು ಬಟ್ಟಲುಗಳ ಬಾಯಿತನಕ ಕತ್ತರಿಸಿದರೆ ಅಲ್ಲಿ ಹೊಸ ಇಕ್ಕಟ್ಟು ಹುಟ್ಟುತ್ತದೆ. ಪಕ್ಕದ ತೂತಿನಿಂದ ಡ್ರೇನ್ (ಒಳಗೆ ಸೇರುವ ದ್ರವ ಹೊರಬಿಡುವ ನಳಿಕೆ), ತುದಿ ಹೊಲಿಗೆಯ ಮೇಲೆ ಕೂರದಂತೆ. 10 ಮಿ.ಮೀ. ತೂತುಗಳ ಒಳಪದರಕ್ಕೂ ಹೊಲಿಗೆ. ಒಟ್ಟು ಎರಡೂವರೆ ಗಂಟೆ, ರಕ್ತನಷ್ಟ 50 ಮಿ.ಲೀ. ಒಳಗೆ.

ಎರಡನೇ ದಿನದ ತೊಂದರೆ

ಮೊದಲ ದಿನ ಎಲ್ಲ ಸರಾಗ. ನೀರು, ಗಂಜಿ, ನಡಿಗೆ. ಡ್ರೇನ್‌ನಲ್ಲಿ 60 ಮಿ.ಲೀ. ತಿಳಿಗೆಂಪು ದ್ರವ. ಎರಡನೇ ದಿನ ಬೆಳಿಗ್ಗೆ ಫೋಲಿ ಕ್ಯಾತಿಟರ್ ತೆಗೆಯಲಾಯಿತು. ಮಧ್ಯಾಹ್ನದ ಹೊತ್ತಿಗೆ ಎಡಪಕ್ಕೆಯಲ್ಲಿ ನೋವು, ಹೊಟ್ಟೆ ಬಿಗಿತ. ಡ್ರೇನ್‌ನಲ್ಲಿ ನಾಲ್ಕು ಗಂಟೆಗೆ 250 ಮಿ.ಲೀ., ನೀರಿನಂತೆ ತಿಳಿ. ಡ್ರೇನ್ ದ್ರವದ ಕ್ರಿಯಾಟಿನಿನ್ ನೋಡಿದರೆ 18, ರಕ್ತದ್ದು 1.0. ಹೊಟ್ಟೆಯ ಸಹಜ ನೀರಾಗಿದ್ದರೆ ಎರಡೂ ಸರಿಸುಮಾರು ಒಂದೇ ಇರುತ್ತಿದ್ದವು. ಇದು ಮೂತ್ರ.

ಹೊಲಿಗೆ ಬಿಟ್ಟಿತೆಂದು ಗಾಬರಿಯಾಗಿ ಮತ್ತೆ ಒಳಹೊಕ್ಕರೆ ತಪ್ಪಾಗುತ್ತಿತ್ತು. ಸ್ಟೆಂಟ್ ಎರಡು ಬಾಯಿಯ ಕೊಳವೆ: ಮೇಲಿಂದ ಕೆಳಕ್ಕೂ ಬಿಡುತ್ತದೆ, ಕೆಳಗಿಂದ ಮೇಲಕ್ಕೂ ಬಿಡುತ್ತದೆ. ಮೂತ್ರಕೋಶ ತುಂಬಿ, ರೋಗಿ ಮುಕ್ಕಿ ಮೂತ್ರ ಮಾಡಿದಾಗ ಆ ಒತ್ತಡ ಸ್ಟೆಂಟ್ ಹಿಡಿದು ಪೆಲ್ವಿಸ್‌ಗೆ ಏರಿ, ಇನ್ನೂ ಹಸಿಯಾಗಿದ್ದ ಹೊಲಿಗೆಯ ಸಂದಿಯಿಂದ ಹೊರಬಿತ್ತು. ಈ ರೋಗಿಗೆ ನೋವಿನ ಮಾತ್ರೆಗಳಿಂದ ಮಲಬದ್ಧತೆಯಾಗಿ ಮುಕ್ಕುವುದೂ ಸೇರಿತ್ತು. ಮಾಡಿದ್ದು ಮೂರೇ ಕೆಲಸ: ಫೋಲಿ ಕ್ಯಾತಿಟರ್ ಮತ್ತೆ ಹಾಕಿದ್ದು, ಎಕ್ಸ್‌ರೇ ತೆಗೆದು ಸ್ಟೆಂಟ್‌ನ ಎರಡೂ ಸುರುಳಿ ತಮ್ಮ ಜಾಗದಲ್ಲಿವೆ ಎಂದು ಖಚಿತಪಡಿಸಿಕೊಂಡದ್ದು, ಡ್ರೇನ್‌ನ ಸಕ್ಷನ್ ಬಿಡಿಸಿ ಬರೀ ಚೀಲಕ್ಕೆ ಹರಿಯಲು ಬಿಟ್ಟದ್ದು. ಸಕ್ಷನ್ ಇದ್ದರೆ ಅದು ಸಂದಿಯಿಂದ ಮೂತ್ರವನ್ನು ಎಳೆಯುತ್ತಲೇ ಇದ್ದು ಸೋರಿಕೆಯನ್ನು ಬದುಕಿಸಿಡುತ್ತದೆ. ಮಲ ಸಡಿಲವಾಗಲು ಲ್ಯಾಕ್ಟುಲೋಸ್ ಕೊಡಲಾಯಿತು.

ಮರುದಿನ 80 ಮಿ.ಲೀ., ಅದರ ಮರುದಿನ 30, ಐದನೇ ದಿನ 15. ಐದನೇ ದಿನ ಕ್ಯಾತಿಟರ್ ತೆಗೆದು, ಇಡೀ ದಿನ ಡ್ರೇನ್ ಹೆಚ್ಚಲಿಲ್ಲ ಎಂದು ನೋಡಿ, ಆರನೇ ದಿನ ಡ್ರೇನ್ ತೆಗೆಯಲಾಯಿತು. ಮೊದಲು ಡ್ರೇನ್, ಆಮೇಲೆ ಕ್ಯಾತಿಟರ್ ಎಂದು ಅನುಕ್ರಮ ಬದಲಿಸಿದರೆ ಸೋರಿಕೆ ಆದರೂ ಗೊತ್ತಾಗುವುದಿಲ್ಲ. ಮೂತ್ರ ಒಳಗೇ ಕೂಡಿ ಜ್ವರ ಬಂದಾಗ ತಿಳಿಯುತ್ತದೆ. ಇಷ್ಟಾದರೂ ಸೋರಿಕೆ ನಿಲ್ಲದಿದ್ದರೆ ಸ್ಟೆಂಟ್ ರಕ್ತದ ಹೆಪ್ಪಿನಿಂದ ಕಟ್ಟಿದೆಯೇ ಎಂದು ನೋಡಿ ಬದಲಿಸಬೇಕು, ಅಥವಾ ಬೆನ್ನಿನಿಂದ ನಳಿಕೆ ಹಾಕಬೇಕು. ನಾಲ್ಕನೇ ದಿನ ಮನೆಗೆ ಹೋಗಬೇಕಿದ್ದವರು ಏಳನೇ ದಿನ ಹೋದರು.

ಮನೆಗೆ ಹೋದ ಮೇಲೆ

ಸ್ಟೆಂಟ್ ಇರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಮೂತ್ರ ಮಾಡುವಾಗ ಪಕ್ಕೆಯಲ್ಲಿ ಸೆಳೆತ, ಹೆಚ್ಚು ನಡೆದ ದಿನ ಮೂತ್ರ ಕೆಂಪಾಗುವುದು, ಇವೆಲ್ಲ ಇರುತ್ತವೆ. ಮೂತ್ರ ಕಟ್ಟಿಕೊಳ್ಳಬಾರದು, ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ರಾತ್ರಿಗೆ ಒಂದು, ಹಲವರಿಗೆ ಆರಾಮ ಕೊಡುತ್ತದೆ. ಚಳಿ-ಜ್ವರ ಬಂದರೆ ಮಾತ್ರ ಅಂದೇ ಆಸ್ಪತ್ರೆಗೆ ಬರಬೇಕು. ಗಾರೆ ಕೆಲಸದವರಿಗೆ ‘ಭಾರ ಎತ್ತಬೇಡಿ’ ಎಂದಷ್ಟೇ ಹೇಳಿದರೆ ಸಾಲದು, ಲೆಕ್ಕ ಹೇಳಬೇಕು: ಒಂದು ಬಿಂದಿಗೆ ನೀರಿಗಿಂತ ಭಾರದ್ದು ಆರು ವಾರ ಬೇಡ, 50 ಕೆ.ಜಿ.ಯ ಸಿಮೆಂಟ್ ಮೂಟೆ ಸ್ಟೆಂಟ್ ತೆಗೆದು ಎರಡು ವಾರವಾದ ಮೇಲೆ.

ಎಲ್ಲಕ್ಕಿಂತ ಅಪಾಯದ್ದು ಸ್ಟೆಂಟ್ ಮರೆತುಹೋಗುವುದು. ನೋವು ಹೋಯಿತಲ್ಲ ಎಂದು ಊರಿನಲ್ಲೇ ಉಳಿದವರು, ಕೆಲಸಕ್ಕೆ ಬೇರೆ ಊರಿಗೆ ಹೋದವರು ಒಂದೆರಡು ವರ್ಷದ ನಂತರ ಬಂದಾಗ ಸ್ಟೆಂಟ್ ಮೇಲೆ ಕಲ್ಲು ಬೆಳೆದು, ಎಳೆದರೆ ತುಂಡಾಗುವ ಸ್ಥಿತಿಯಲ್ಲಿರುತ್ತದೆ. ಡಿಸ್ಚಾರ್ಜ್ ಚೀಟಿಯ ಮೂಲೆಯಲ್ಲಿ ‘ಡಿಜೆಎಸ್ ಇನ್ ಸಿಟು’ (ಡಿಜೆ ಸ್ಟೆಂಟ್ ಒಳಗೇ ಇದೆ) ಎಂದು ಬರೆದರೆ ರೋಗಿಗೆ ಏನೂ ತಿಳಿಯದು. ಇಲ್ಲಿ ಎಕ್ಸ್‌ರೇ ಚಿತ್ರ ತೋರಿಸಿ, ತೆಗೆಯುವ ದಿನಾಂಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಮನೆಯ ಇಬ್ಬರ ಫೋನ್ ನಂಬರನ್ನು ವಾರ್ಡಿನ ಸ್ಟೆಂಟ್ ಪುಸ್ತಕದಲ್ಲಿ ಬರೆದುಕೊಳ್ಳಲಾಯಿತು. ಆರನೇ ವಾರ ಅರಿವಳಿಕೆ ಜೆಲ್ಲಿ ಹಾಕಿ ಸಿಸ್ಟೊಸ್ಕೋಪ್‌ನಲ್ಲಿ ತೆಗೆದದ್ದು ಐದು ನಿಮಿಷದ ಕೆಲಸ. ಆ ರಾತ್ರಿ ಸ್ವಲ್ಪ ಪಕ್ಕೆ ನೋವು ಬಂತು. ಒಂದೆರಡು ದಿನ ಹೊಲಿಗೆಯ ಜಾಗ ಊದಿರುವುದರಿಂದ ಅದು ನಿರೀಕ್ಷಿತ.

ತೆಗೆದ ತುಂಡಿನ ಪೆಥಾಲಜಿ ವರದಿಯಲ್ಲಿ ಸ್ನಾಯುವಿನ ಜಾಗದಲ್ಲಿ ನಾರಿನಂಶ ಕಂಡಿತ್ತು. ಅಡ್ಡ ನಾಳ ಒಂದೇ ಕಾರಣವಾಗಿರಲಿಲ್ಲ. ನಾಳವನ್ನು ಮಾತ್ರ ಸರಿಸಿ ಮುಗಿಸಿದ್ದರೆ ನೋವು ಉಳಿಯುತ್ತಿತ್ತು.

ಸ್ಟೆಂಟ್ ತೆಗೆದ ಮೂರು ತಿಂಗಳಿಗೆ ರೀನೋಗ್ರಾಂ: ಎಡ ಕಿಡ್ನಿಯ ಪಾಲು 41%, ಅರ್ಧ ಖಾಲಿಯಾಗಲು 9 ನಿಮಿಷ. 38ರಿಂದ 41 ಎಂಬುದು ಪರೀಕ್ಷೆಯ ಏರಿಳಿತದ ಮಿತಿಯಲ್ಲೇ ಇದೆ. ಕಿಡ್ನಿ ಹೊಸದಾಯಿತೆಂದಲ್ಲ, ಹಾಳಾಗುವುದು ನಿಂತಿತೆಂದು ಓದಬೇಕು. ಪೈಲೊಪ್ಲಾಸ್ಟಿಯಿಂದ ನಿರೀಕ್ಷಿಸಬೇಕಾದದ್ದೂ ಅಷ್ಟೇ. ಸಂಜೆಯ ಚೊಂಬು ನೀರು ಈಗ ನೋವು ತರುವುದಿಲ್ಲ.

ವರ್ಷದ ಅಲ್ಟ್ರಾಸೌಂಡ್‌ನಲ್ಲಿ ಪೆಲ್ವಿಸ್ 13 ಮಿ.ಮೀ. ವರದಿ ಮತ್ತೆ ‘ಮೈಲ್ಡ್ ಹೈಡ್ರೊನೆಫ್ರೋಸಿಸ್’ ಎಂದೇ ಇತ್ತು, ಆಪರೇಷನ್ನಿಗೆ ಮೊದಲಿನ ಮೊದಲ ವರದಿಯ ಅದೇ ಪದ. ವರ್ಷಗಟ್ಟಲೆ ಹಿಗ್ಗಿದ ಚೀಲ ಪೂರ್ತಿ ಕುಗ್ಗುವುದಿಲ್ಲ. ನೋವಿಲ್ಲದೆ, ಅಳತೆ ಹೆಚ್ಚದೆ ಇದ್ದರೆ ಆ ಪದಕ್ಕೆ ಹೆದರಬೇಕಿಲ್ಲ. ಹೊಸ ವೈದ್ಯರು ಆ ಒಂದು ಸಾಲು ನೋಡಿ ಮತ್ತೆ ಸ್ಟೆಂಟ್ ಹಾಕದಿರಲಿ ಎಂದು ರೀನೋಗ್ರಾಂ ಗೆರೆಯ ಒಂದು ಪ್ರತಿಯನ್ನು ಡಿಸ್ಚಾರ್ಜ್ ಚೀಟಿಗೆ ಪಿನ್ ಮಾಡಿ ಕೊಡಲಾಗಿದೆ. ಮುಂದಿನ ಅಲ್ಟ್ರಾಸೌಂಡ್ ವರ್ಷಕ್ಕೊಮ್ಮೆ. ನೋವು ಮರಳಿದರೆ, ಜ್ವರ ಬಂದರೆ ಅಥವಾ ಪೆಲ್ವಿಸ್ 20 ಮಿ.ಮೀ. ದಾಟಿದರೆ ಮಾತ್ರ ಮತ್ತೊಮ್ಮೆ ರೀನೋಗ್ರಾಂ.